ನಾವು ಉಸಿರಾಡುವುದು ಹೇಗೆ? ಹಗೇವು ಕಲಿಸಿದ ಪಾಠ

ಮುಂದೆ ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಎದುರಿಗೆ ಗಡಿಯಾರ ಇಟ್ಟುಕೊಂಡು, ಒಂದು ನಿಮಿಷದಲ್ಲಿ ನೀವು ಎಷ್ಟು ಸಲ ಉಸಿರಾಡುತ್ತೀರಿ ಎಂದು ಎಣಿಸಿ. ಒಳಗೆ ಎಳೆದದ್ದು, ಹೊರಗೆ ಬಿಟ್ಟದ್ದು, ಎರಡೂ ಸೇರಿ ಒಂದು. ಆರೋಗ್ಯವಂತರಾಗಿ ಸುಮ್ಮನೆ ಕುಳಿತಿರುವವರಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 12ರಿಂದ 20ರ ನಡುವೆ ಇರುತ್ತದೆ. ಲೆಕ್ಕಕ್ಕೆ 15 ಎಂದು ಇಟ್ಟುಕೊಳ್ಳೋಣ. ಗಂಟೆಗೆ 900 ಆಯಿತು, ದಿನಕ್ಕೆ 21,600 ಆಯಿತು. ನಮ್ಮ ಹಳೆಯ ಯೋಗಗ್ರಂಥಗಳು ದಿನದ ಉಸಿರಿಗೆ ಹೇಳುವ ಲೆಕ್ಕವೂ ಇದೇ 21,600. ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ ಎಂದರೆ ದಿನಕ್ಕೆ 10,800 ಲೀಟರ್. ಗದಗ-ಬೆಟಗೇರಿಯ ಮನೆಗಳ ಮುಂದೆ ನೀರು ತುಂಬಿಡುವ 200 ಲೀಟರಿನ ಡ್ರಮ್ಮುಗಳನ್ನು ನೀವು ಬಲ್ಲಿರಿ. ಅಂಥ 54 ಡ್ರಮ್ಮುಗಳಷ್ಟು ಗಾಳಿಯನ್ನು ದಿನವೂ ಒಳಗೆಳೆದು ಹೊರಗೆ ಬಿಡುತ್ತೇವೆ. ನೀರು ಒಂದು ದಿನ ಬಾರದಿದ್ದರೆ ಊರೆಲ್ಲ ಮಾತನಾಡುತ್ತದೆ. ಗಾಳಿಯ ವಿಷಯದಲ್ಲಿ ಅಂಥ ಮಾತು ಬರುವುದೇ ಇಲ್ಲ.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ನನ್ನ ಅಜ್ಜನ ಮನೆ ಮುಂಡರಗಿ ತಾಲ್ಲೂಕಿನ ಎರೆಹೊಲದ ಒಂದು ಊರಿನಲ್ಲಿತ್ತು. ಹಿಂಗಾರಿಯ ಬಿಳಿಜೋಳವೇ ಆ ಕಡೆಯ ಜೀವಾಳ. ಗೋಣಿಚೀಲ, ಗೋದಾಮುಗಳು ಬರುವ ಮೊದಲು ಉತ್ತರ ಕರ್ನಾಟಕದ ರೈತರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ಹೋದಂತೆ ಹೊಟ್ಟೆ ಅಗಲ. ಸುತ್ತಲೂ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಕಾಳಿಗೆ ಹುಳ ಬೀಳದೆ ವರ್ಷಗಟ್ಟಲೆ ಉಳಿಯುತ್ತಿತ್ತು.

ಅಜ್ಜನ ಮನೆಯ ಹಗೇವನ್ನು ಎಂದೋ ಮಣ್ಣು ತುಂಬಿ ಮುಚ್ಚಿದ್ದರು. ಆದರೂ ನಾವು ಮಕ್ಕಳು ಆಡುತ್ತ ಆ ಜಾಗಕ್ಕೆ ಹೋದರೆ ಅಜ್ಜ, “ಅತ್ತಾಗ ಹೋಗಬ್ಯಾಡ್ರೋ” ಎಂದು ಕೂಗುತ್ತಿದ್ದರು. ಕಾರಣ ತಿಳಿದದ್ದು ದೊಡ್ಡವನಾದ ಮೇಲೆ. ಅಜ್ಜನ ತಮ್ಮ, ಇಪ್ಪತ್ತರ ಪ್ರಾಯದವರು, ಬಾಯಿ ತೆರೆದ ಕೂಡಲೇ ಜೋಳ ತುಂಬಿಕೊಡಲು ಹಗ್ಗ ಹಿಡಿದು ಆ ಹಗೇವಿನೊಳಗೆ ಇಳಿದಿದ್ದರು. ಇಳಿದವರು ಎರಡನೆಯ ಬುಟ್ಟಿ ತುಂಬಲಿಲ್ಲ. ಅವರನ್ನು ಎತ್ತಲು ಮನೆಯ ಆಳುಮಗ ಹಿಂದೆಯೇ ಇಳಿದ. ಅವನೂ ಮೇಲೆ ಬರಲಿಲ್ಲ.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಒಂದು ರಜೆಯಲ್ಲಿ ಅಜ್ಜ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು: “ತಮ್ಮಾ, ನೀ ಸಾಯನ್ಸ್ ಓದಾಕ ಹತ್ತೀಯಲ್ಲ, ಹೇಳು. ಹಗೇವಿನ್ಯಾಗ ನೀರಿರಲಿಲ್ಲ, ಬೆಂಕಿ ಇರಲಿಲ್ಲ, ಹಾವು ಇರಲಿಲ್ಲ. ಗಾಳಿ ಇತ್ತು. ಅವನ ಮೂಗು, ಬಾಯಿ ಯಾರೂ ಮುಚ್ಚಿರಲಿಲ್ಲ. ಉಸರಾಡಕೋತನ ಇಳದಾನ. ಉಸರಾಡಾಂವ ಹೆಂಗ ಸತ್ತ?”

“ಕಾರ್ಬನ್ ಡೈ ಆಕ್ಸೈಡ್ ಅಜ್ಜಾ” ಎಂದು ನಾನು ಥಟ್ಟನೆ ಹೇಳಿದೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಹೆಸರಾತು. ಕಾರಣ ಆಗಲಿಲ್ಲ” ಎಂದರು.

ಅವರ ಮಾತು ಸರಿಯಾಗಿತ್ತು. ಪರೀಕ್ಷೆಯಲ್ಲಿ ಅಂಕ ಕೊಡುವ ಉತ್ತರ ನನ್ನಲ್ಲಿತ್ತು, ಅವರಿಗೆ ಬೇಕಾದ ಉತ್ತರ ಇರಲಿಲ್ಲ. ಅದು ಸಿಗುವ ಹೊತ್ತಿಗೆ ಅಜ್ಜ ಇರಲಿಲ್ಲ. ಇಂದು ಅದನ್ನು ನಿಮಗೆ ಹೇಳುತ್ತೇನೆ. ಆದರೆ ಉತ್ತರ ತಲುಪಬೇಕಾದರೆ ಗಾಳಿ ಹೋಗುವ ದಾರಿಯಲ್ಲಿ ನಾವೂ ಅದರ ಜೊತೆ ಹೋಗಬೇಕು.

ದಾರಿ ಮೂಗಿನಿಂದ ಆರಂಭ. ಮೂಗಿನ ಹೊಳ್ಳೆಗಳ ಕೂದಲು ದೊಡ್ಡ ಧೂಳಿನ ಕಣಗಳನ್ನು ತಡೆಯುತ್ತದೆ. ಒಳಗೆ ಎರಡೂ ಬದಿಯ ಗೋಡೆಗಳಿಂದ ಸುರುಳಿಯಂತೆ ಬಾಗಿದ ತೆಳು ಮೂಳೆಗಳು ಚಾಚಿಕೊಂಡಿವೆ. ಅವುಗಳ ಮೇಲಿನ ಪೊರೆಯಲ್ಲಿ ರಕ್ತನಾಳಗಳು ಒತ್ತೊತ್ತಾಗಿವೆ, ಲೋಳೆಯ ಪಸೆಯಿದೆ. ಗಾಳಿ ಈ ಸಂದಿಗಳಲ್ಲಿ ಸುತ್ತಿ ಹೋಗುವಾಗ ಬೆಚ್ಚಗಾಗುತ್ತದೆ, ತೇವಗೊಳ್ಳುತ್ತದೆ, ಅಳಿದುಳಿದ ಧೂಳನ್ನು ಲೋಳೆಗೆ ಒಪ್ಪಿಸುತ್ತದೆ. ಬಾಯಿಯಿಂದ ಉಸಿರಾಡಿದರೆ ಈ ಸೌಕರ್ಯ ಅಷ್ಟಾಗಿ ದೊರೆಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಬಾಯಿ ತೆರೆದು ಓಡಿದಾಗ ಗಂಟಲು ಒಣಗುವುದು ಇದೇ ಕಾರಣದಿಂದ.

ಮೂಗಿನ ಹಿಂದೆ ಗಂಟಲಕುಳಿ. ಇಲ್ಲಿ ಗಾಳಿಯ ದಾರಿ ಮತ್ತು ಅನ್ನದ ದಾರಿ ಒಂದನ್ನೊಂದು ಹಾಯುತ್ತವೆ. ಅನ್ನನಾಳ ಹಿಂದೆ ಇದೆ, ಶ್ವಾಸನಾಳ ಮುಂದೆ ಇದೆ. ನಾವು ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೇರುತ್ತದೆ, ನಾಲಗೆಯ ಬುಡದಲ್ಲಿರುವ ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಬಾಗಿ ಅದರ ಬಾಯಿಯನ್ನು ಮರೆಮಾಡುತ್ತದೆ. ಆ ಕ್ಷಣ ಉಸಿರು ನಿಂತಿರುತ್ತದೆ. ಗಂಟಲ ಮುಂಭಾಗದ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ, ಆ ಏರಿಳಿತ ಕೈಗೇ ಸಿಗುತ್ತದೆ. ಊಟದ ನಡುವೆ ಜೋರಾಗಿ ನಕ್ಕರೆ ಈ ಹೊಂದಾಣಿಕೆ ತಪ್ಪಿ ಅಗುಳೊಂದು ಗಾಳಿಯ ದಾರಿಗೆ ಇಳಿಯುತ್ತದೆ, ಕೆಮ್ಮು ಉಕ್ಕಿ ಬರುತ್ತದೆ. “ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು” ಎಂದು ಮನೆಯಲ್ಲಿ ಹಿರಿಯರು ನೆತ್ತಿ ತಟ್ಟುತ್ತಾರೆ. ನಿಜವಾಗಿ ಅಗುಳು ನೆತ್ತಿಗೆ ಹೋಗಿಲ್ಲ, ಕೆಳಗೆ ಹೊರಟಿದೆ. ಅದನ್ನು ಹೊರಗೆ ತಳ್ಳುವುದು ಕೆಮ್ಮೇ ಹೊರತು ತಟ್ಟುವ ಕೈ ಅಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆ ಶೇಂಗಾ ಬೆಳೆಯುತ್ತಾರೆ, ಹೊಲದಿಂದ ಬಂದ ಶೇಂಗಾ ಅಂಗಳದಲ್ಲಿ ಹರಡಿರುತ್ತದೆ. ಚಿಕ್ಕ ಮಕ್ಕಳಿಗೆ ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ, ಕಾಳನ್ನು ಅಗಿಯಲಾರರು. ಆಡುತ್ತ ಬಾಯಿಗೆ ಹಾಕಿಕೊಂಡ ಇಡೀ ಶೇಂಗಾಕಾಳು ಶ್ವಾಸನಾಳಕ್ಕೆ ಇಳಿಯುವುದು ವೈದ್ಯರು ಮತ್ತೆ ಮತ್ತೆ ಕಾಣುವ ಅಪಾಯ. ನಿಮ್ಮ ಮನೆಯಲ್ಲಿ ಐದು ವರ್ಷದೊಳಗಿನ ತಮ್ಮ ತಂಗಿಯರಿದ್ದರೆ ಇಡೀ ಶೇಂಗಾ, ಪುಟಾಣಿ, ಹುಣಸೆಬೀಜ ಕೈಗೆ ಸಿಗದಂತೆ ನೋಡಿಕೊಳ್ಳಿ. ಗಂಟಲಿಗೆ ಏನಾದರೂ ಸಿಕ್ಕಿದವರು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲಾಗದೆ, ದನಿ ಹೊರಡದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಬೇಕು. ಅಷ್ಟಕ್ಕೆ ಬಾರದಿದ್ದರೆ ಹಿಂದಿನಿಂದ ಅಪ್ಪಿ ಹಿಡಿದು, ಹೊಕ್ಕುಳದ ಮೇಲ್ಭಾಗವನ್ನು ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೀಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ ತಲೆ ತಗ್ಗಿಸಿ ಬೆನ್ನಿಗೆ ತಟ್ಟಬೇಕು, ಬಾರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಒತ್ತಬೇಕು. ವಸ್ತು ಕಣ್ಣಿಗೆ ಕಾಣದೆ ಬಾಯಿಯೊಳಗೆ ಬೆರಳು ಹಾಕಬಾರದು.

ದಾರಿಯಲ್ಲಿ ಮುಂದಿನದು ಧ್ವನಿಪೆಟ್ಟಿಗೆ. ಇದರೊಳಗೆ ಎರಡು ಧ್ವನಿತಂತುಗಳಿವೆ. ಉಸಿರಾಡುವಾಗ ಅವು ದೂರ ಸರಿಯುತ್ತವೆ, ಮಾತನಾಡುವಾಗ ಹತ್ತಿರ ಬರುತ್ತವೆ, ಹೊರಬರುವ ಗಾಳಿ ಅವನ್ನು ಕಂಪಿಸುತ್ತದೆ. ಎಂದರೆ ಮಾತೂ ಹಾಡೂ ನಾವು ಹೊರಗೆ ಬಿಡುವ ಉಸಿರಿನಿಂದಲೇ ಆದವು. ಗದುಗಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಮಂದಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಸಂಗೀತದ ಮಕ್ಕಳು ಬೆಳಿಗ್ಗೆ ಷಡ್ಜವನ್ನು ಹಿಡಿದು ನಿಲ್ಲಿಸುವ ಸಾಧನೆ ಮಾಡುವುದನ್ನು ಕೇಳಿ ನೋಡಿ. ಒಂದೇ ಉಸಿರಿನಲ್ಲಿ ಸ್ವರ ಅಲುಗದೆ ನಿಲ್ಲುತ್ತದೆ. ಗಾಯಕನ ಎದೆಯಲ್ಲಿ ನಮಗಿಂತ ಬೇರೆ ಯಂತ್ರವೇನೂ ಇಲ್ಲ. ಗಾಳಿಯನ್ನು ಒಮ್ಮೆಲೇ ಚೆಲ್ಲದೆ, ಹೊಟ್ಟೆಯ ಮತ್ತು ಪಕ್ಕೆಯ ಸ್ನಾಯುಗಳಿಂದ ತಡೆತಡೆದು ಬಿಡುವ ಹಿಡಿತ ಅವನಿಗೆ ಸಿದ್ಧಿಸಿರುತ್ತದೆ.

ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳ. ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಅದು ಕುಸಿಯದಂತೆ 16ರಿಂದ 20 ಮೃದ್ವಸ್ಥಿಯ ಉಂಗುರಗಳು ಹಿಡಿದು ನಿಲ್ಲಿಸಿವೆ. ಈ ಉಂಗುರಗಳು ಪೂರ್ಣವಲ್ಲ, ಕುದುರೆಲಾಳದಂತೆ ಹಿಂಬದಿಯಲ್ಲಿ ತೆರೆದಿವೆ. ಹಿಂದೆ ಅನ್ನನಾಳ ಒರಗಿಕೊಂಡಿದೆಯಲ್ಲ, ದೊಡ್ಡ ತುತ್ತು ಇಳಿಯುವಾಗ ಅದು ಉಬ್ಬಲು ಅಲ್ಲಿ ಜಾಗ ಬೇಕು. ಎದೆಯೊಳಗೆ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಬಲಗವಲು ಹೆಚ್ಚು ಅಗಲ, ಹೆಚ್ಚು ನೇರ. ಹೀಗಾಗಿ ಜಾರಿದ ಶೇಂಗಾಕಾಳು ಸಾಮಾನ್ಯವಾಗಿ ಬಲ ಶ್ವಾಸಕೋಶದ ಕಡೆಗೇ ಹೋಗುತ್ತದೆ.

ಅಲ್ಲಿಂದ ಮುಂದೆ ಕವಲಿಗೆ ಕವಲು ಒಡೆಯುತ್ತ ಸುಮಾರು 23 ಸಲ ದಾರಿ ಇಬ್ಭಾಗವಾಗುತ್ತದೆ. ಬೇವಿನ ಮರವನ್ನು ಬೇರುಸಹಿತ ಕಿತ್ತು ತಲೆಕೆಳಗಾಗಿ ಹಿಡಿದರೆ ಕಾಣುವ ಹಾಗೆ ಎಂದುಕೊಳ್ಳಿ. ಕಾಂಡ ಶ್ವಾಸನಾಳ, ಕೊಂಬೆರೆಂಬೆಗಳು ಶ್ವಾಸನಳಿಕೆಗಳು. ಈ ನಳಿಕೆಗಳ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಗಾಳಿಗೆ ತೂಗುವ ಜೋಳದ ಹೊಲದಂತೆ ಅವು ಒಂದೇ ಲಯದಲ್ಲಿ ಬಾಗುತ್ತ, ಧೂಳು ಅಂಟಿದ ಲೋಳೆಯನ್ನು ಮೇಲಕ್ಕೆ, ಗಂಟಲ ಕಡೆಗೆ ಸಾಗಿಸುತ್ತವೆ. ಬೀಡಿ, ಸಿಗರೇಟಿನ ಹೊಗೆ ಈ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಕಸ ಗುಡಿಸುವವರು ನಿಂತರೆ ಕಸ ಉಳಿಯುತ್ತದೆ, ಕೆಮ್ಮು ಬಿಡದೆ ಕಾಡುತ್ತದೆ. ಹತ್ತಿಯ ಧೂಳೂ ಹಾಗೆಯೇ. ಹತ್ತಿಗೂ ನೇಕಾರಿಕೆಗೂ ಹೆಸರಾದ ಗದಗ-ಬೆಟಗೇರಿಯಲ್ಲಿ ಹುಟ್ಟಿದವರು ಇದನ್ನು ತಿಳಿದಿರಬೇಕು. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬಿಸಿನೋಸಿಸ್ ಎಂಬ ಕಾಯಿಲೆ ಬರಬಹುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸ್ವಲ್ಪ ತಡೆಯಾದೀತು, ಆದರೆ ನಿಜವಾದ ಉಪಾಯ ಧೂಳನ್ನು ಹುಟ್ಟುವಲ್ಲಿಯೇ ಹೀರಿ ತೆಗೆಯುವುದು.

ಮರದ ತುದಿಯಲ್ಲಿ ಎಲೆಗಳಿರುವ ಹಾಗೆ ಈ ನಳಿಕೆಗಳ ತುದಿಯಲ್ಲಿ ದ್ರಾಕ್ಷಿಗೊಂಚಲಿನಂತೆ ಗಾಳಿಗೂಡುಗಳಿವೆ. ಎರಡೂ ಶ್ವಾಸಕೋಶಗಳಲ್ಲಿ ಸೇರಿ ಇವುಗಳ ಸಂಖ್ಯೆ 30 ಕೋಟಿಗೂ ಮೀರಿದ್ದು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಒಂದು ಬ್ಯಾಡ್ಮಿಂಟನ್ ಅಂಗಳಕ್ಕೆ ಹತ್ತಿರ ಹತ್ತಿರ. ಅಷ್ಟು ದೊಡ್ಡ ಅಂಗಳವನ್ನು ಪ್ರಕೃತಿ ಮಡಿಸಿ ನಮ್ಮ ಎದೆಯಲ್ಲಿ ಇಟ್ಟಿದೆ. ಪ್ರತಿ ಗೂಡಿನ ಸುತ್ತಲೂ ಲೋಮನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಈ ಗೋಡೆಯನ್ನು ನೆನಪಿಡಿ, ಅಜ್ಜನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ.

ಇನ್ನು ಗಾಳಿ ಒಳಗೆ ಬರುವುದು ಹೇಗೆ? ಶ್ವಾಸಕೋಶ ಉಬ್ಬುವುದರಿಂದ ಎಂದು ಹಲವರು ಹೇಳುತ್ತಾರೆ. ಆದರೆ ಶ್ವಾಸಕೋಶಕ್ಕೆ ತಾನಾಗಿ ಉಬ್ಬುವ ಸ್ನಾಯುವೇ ಇಲ್ಲ. ಅದು ಸ್ಪಂಜಿನಂಥದು. ಬಲಗಡೆ ಮೂರು ಹಾಲೆ, ಎಡಗಡೆ ಹೃದಯಕ್ಕೆ ಜಾಗ ಬಿಟ್ಟು ಎರಡು ಹಾಲೆ. ಸುತ್ತಲೂ ಪ್ಲೂರಾ ಎಂಬ ಎರಡು ಪದರದ ಪೊರೆ, ಪದರಗಳ ನಡುವೆ ತುಸುವೇ ದ್ರವ. ಒದ್ದೆಯಾದ ಎರಡು ಗಾಜಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಜಾರುತ್ತವೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಹಾಗೆಯೇ ಶ್ವಾಸಕೋಶ ಎದೆಯ ಗೋಡೆಗೆ ಅಂಟಿಕೊಂಡಿದೆ. ಗೋಡೆ ಹಿಗ್ಗಿದರೆ ಅದೂ ಹಿಗ್ಗಲೇಬೇಕು.

ಗೋಡೆಯನ್ನು ಹಿಗ್ಗಿಸುವವರು ಇಬ್ಬರು. ಮೊದಲನೆಯದು ವಪೆ. ಎದೆಗೂ ಹೊಟ್ಟೆಗೂ ನಡುವೆ ಕವುಚಿ ಹಾಕಿದ ಬೋಗುಣಿಯಂತಿರುವ ಸ್ನಾಯು ಇದು. ಬಿಗಿಗೊಂಡಾಗ ಕೆಳಗಿಳಿದು ಚಪ್ಪಟೆಯಾಗುತ್ತದೆ. ಎರಡನೆಯದು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ಅವು ಪಕ್ಕೆಲುಬುಗಳನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಎದೆಗೂಡು ದೊಡ್ಡದಾದಾಗ ಒಳಗಿನ ಗಾಳಿಗೆ ಜಾಗ ಹೆಚ್ಚಿ ಅದರ ಒತ್ತಡ ಇಳಿಯುತ್ತದೆ. ಭೌತಶಾಸ್ತ್ರದಲ್ಲಿ ನೀವು ಓದಿದ ಬಾಯ್ಲನ ನಿಯಮ ಇದೇ. ಹೊರಗೆ ಒತ್ತಡ ಹೆಚ್ಚು, ಒಳಗೆ ಕಡಿಮೆ, ಗಾಳಿ ತಾನಾಗಿ ನುಗ್ಗುತ್ತದೆ. ಕಂಬಾರರ ತಿದಿ ಕೆಲಸ ಮಾಡುವುದೂ ಹೀಗೆಯೇ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಪಾದರಸದ ಸುಮಾರು 700 ಮಿಲಿಮೀಟರ್. ಸಾಧಾರಣ ಉಸಿರಿಗೆ ಇದರಲ್ಲಿ ಒಂದೆರಡು ಮಿಲಿಮೀಟರಿನಷ್ಟು ವ್ಯತ್ಯಾಸವಾದರೆ ಸಾಕು. ಇದು ಉಚ್ಛ್ವಾಸ. ಸ್ನಾಯುಗಳು ಸಡಿಲಗೊಂಡಾಗ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕತೆಯಿಂದ ಕುಗ್ಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಇದು ನಿಶ್ವಾಸ. ಸುಮ್ಮನೆ ಕುಳಿತಾಗ ನಿಶ್ವಾಸಕ್ಕೆ ಶ್ರಮವೇ ಇಲ್ಲ. ಹಾಡುವಾಗ, ಕೆಮ್ಮುವಾಗ, ಕಪ್ಪತಗುಡ್ಡ ಹತ್ತುವಾಗ ಮಾತ್ರ ಹೊಟ್ಟೆಯ ಸ್ನಾಯುಗಳು ನೆರವಿಗೆ ಬರುತ್ತವೆ.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ತಳವನ್ನು ಕತ್ತರಿಸಿ ತೆಗೆಯಿರಿ. ಮುಚ್ಚಳಕ್ಕೆ ರಂಧ್ರ ಮಾಡಿ ಒಂದು ಕೊಳವೆ ತೂರಿಸಿ, ಅದರ ಒಳತುದಿಗೆ ಬಲೂನು ಕಟ್ಟಿ, ಸಂದಿಯನ್ನು ಮೇಣದಿಂದ ಮುಚ್ಚಿ. ಇನ್ನೊಂದು ಬಲೂನನ್ನು ಕತ್ತರಿಸಿ ಬಾಟಲಿಯ ತಳಕ್ಕೆ ಬಿಗಿಯಾಗಿ ಕಟ್ಟಿ. ತಳದ ರಬ್ಬರನ್ನು ಕೆಳಗೆ ಎಳೆಯಿರಿ, ಒಳಗಿನ ಬಲೂನು ಯಾರೂ ಊದದೆಯೇ ಉಬ್ಬುತ್ತದೆ. ಬಿಟ್ಟರೆ ಕುಗ್ಗುತ್ತದೆ. ಈಗ ಬಾಟಲಿಯ ಬದಿಗೆ ಸೂಜಿಯಿಂದ ಒಂದು ತೂತು ಮಾಡಿ ಮತ್ತೆ ಎಳೆಯಿರಿ. ಬಲೂನು ಮೊದಲಿನಷ್ಟು ಉಬ್ಬುವುದಿಲ್ಲ. ಎದೆಗೆ ಇರಿತದ ಗಾಯವಾದವರಿಗೆ ಉಸಿರು ಏಕೆ ಕಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನಾವು ಎಷ್ಟೇ ಬಲವಾಗಿ ಉಸಿರು ಬಿಟ್ಟರೂ ಒಂದು ಲೀಟರಿಗಿಂತ ತುಸು ಹೆಚ್ಚು ಗಾಳಿ ಒಳಗೆ ಉಳಿದೇ ಇರುತ್ತದೆ. ಎಳೆದ ಅರ್ಧ ಲೀಟರಿನಲ್ಲಿಯೂ ಸುಮಾರು 150 ಮಿಲಿಲೀಟರ್ ದಾರಿಯ ಕೊಳವೆಗಳಲ್ಲಿಯೇ ನಿಂತು, ಗಾಳಿಗೂಡು ಮುಟ್ಟದೆ ಮರಳುತ್ತದೆ. ಅವಸರದ ಮೇಲುಸಿರಿಗಿಂತ ನಿಧಾನದ ಆಳವಾದ ಉಸಿರು ಹೆಚ್ಚು ಫಲಕಾರಿ ಎನ್ನುವುದು ಇದೇ ಲೆಕ್ಕದಿಂದ. ಈ ಅಳತೆಗಳನ್ನು ಕ್ರಮವಾಗಿ ಮಾಡಲು ಸ್ಪೈರೋಮೀಟರ್ ಎಂಬ ಉಪಕರಣವನ್ನು 1846ರಲ್ಲಿ ಜಗತ್ತಿನ ಮುಂದಿಟ್ಟವರು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್.

ಈಗ ಗಾಳಿಗೂಡಿನ ಆ ತೆಳುಗೋಡೆಗೆ ಬರೋಣ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಕಾರ್ಬನ್ ಡೈ ಆಕ್ಸೈಡ್ ಶೇ. 0.04ರಷ್ಟು. ಹೊರಗೆ ಬರುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 16, ಕಾರ್ಬನ್ ಡೈ ಆಕ್ಸೈಡ್ ಸುಮಾರು ಶೇ. 4. ಈ ಕೊಡು-ಕೊಳ್ಳುವಿಕೆಯನ್ನು ನಡೆಸುವ ಕಾವಲುಗಾರನಾಗಲಿ ಪಂಪಾಗಲಿ ಅಲ್ಲಿ ಇಲ್ಲ. ಇರುವುದು ವಿಸರಣ ಎಂಬ ಒಂದೇ ನಿಯಮ. ಅನಿಲವು ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ, ಅಷ್ಟೆ. ಗೂಡಿನಲ್ಲಿ ಆಮ್ಲಜನಕ ಹೆಚ್ಚು, ರಕ್ತದಲ್ಲಿ ಕಡಿಮೆ. ಆದ್ದರಿಂದ ಅದು ರಕ್ತಕ್ಕೆ ಹೋಗಿ ಹಿಮೋಗ್ಲೋಬಿನ್ನನ್ನು ಸೇರುತ್ತದೆ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಹೆಚ್ಚು, ಗೂಡಿನಲ್ಲಿ ಕಡಿಮೆ. ಆದ್ದರಿಂದ ಅದು ಗೂಡಿಗೆ ಬರುತ್ತದೆ. ವಿಶ್ರಾಂತಿಯಲ್ಲಿರುವಾಗ ರಕ್ತ ಈ ಗೋಡೆಯ ಬಳಿ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ವ್ಯವಹಾರ ಮುಗಿದಿರುತ್ತದೆ.

ಉಸಿರಿನ ಅಂಕೆ ಯಾರ ಕೈಯಲ್ಲಿದೆ? ಮಿದುಳಿನ ಬುಡದ ಮೆಡುಲ್ಲಾ ಎಂಬ ಭಾಗದಲ್ಲಿ. ನೀವು ಆರಂಭದಲ್ಲಿ ಉಸಿರು ಎಣಿಸುತ್ತಿದ್ದಂತೆ ಅದರ ಲಯ ಬದಲಾದದ್ದನ್ನು ಗಮನಿಸಿರಬಹುದು. ಉಸಿರು ನಮ್ಮ ಇಚ್ಛೆಗೂ ಒಳಪಡುತ್ತದೆ, ನಾವು ಮರೆತಾಗ ತಾನಾಗಿಯೂ ನಡೆಯುತ್ತದೆ. ಆದರೆ ಬಿಗಿಹಿಡಿದು ನೋಡಿ, ಒಂದು ಹಂತದಲ್ಲಿ ಇಚ್ಛೆ ಸೋಲುತ್ತದೆ. ಅದನ್ನು ಮುಖ್ಯವಾಗಿ ಸೋಲಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುವ ಕಾರ್ಬನ್ ಡೈ ಆಕ್ಸೈಡ್. ಉಸಿರಿನ ಲಯವನ್ನು ನಿಯಂತ್ರಿಸುವುದು ಇದೇ ಅನಿಲ ಎಂದು 1905ರಲ್ಲಿ ತೋರಿಸಿಕೊಟ್ಟವರು ಜೆ. ಎಸ್. ಹಾಲ್ಡೇನ್ ಮತ್ತು ಜೆ. ಜಿ. ಪ್ರೀಸ್ಟ್ಲಿ. ಈ ಹಾಲ್ಡೇನ್ ಗಣಿಗಳ ಕೆಟ್ಟ ಗಾಳಿಯನ್ನು ಅರಿಯಲು ತಾವೇ ಗಣಿಗಳಿಗೆ ಇಳಿಯುತ್ತಿದ್ದರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರ ಮಗ. ಕೆರೆ, ಬಾವಿಗೆ ಈಜಲು ಹೋಗುವವರು ಒಂದು ಮಾತು ನೆನಪಿಡಿ. ಮುಳುಗುವ ಮೊದಲು ರಭಸದಿಂದ ಹತ್ತಾರು ಉಸಿರು ಎಳೆದುಕೊಂಡರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಕಾರ್ಬನ್ ಡೈ ಆಕ್ಸೈಡ್ ಮಾತ್ರ ತೀರ ಇಳಿದುಹೋಗುತ್ತದೆ. ಆಗ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ನೀರಿನಡಿಯಲ್ಲಿ ಪ್ರಜ್ಞೆ ತಪ್ಪಬಹುದು.

ಈಗ ಹಗೇವಿಗೆ ಮರಳೋಣ. ಜೋಳದ ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ನಮ್ಮ ಜೀವಕೋಶಗಳಂತೆ ಅದೂ ತನ್ನಲ್ಲಿರುವ ಪಿಷ್ಟವನ್ನು ಆಮ್ಲಜನಕದೊಡನೆ ನಿಧಾನವಾಗಿ ಸುಟ್ಟು ಕಾರ್ಬನ್ ಡೈ ಆಕ್ಸೈಡ್, ನೀರು ಮತ್ತು ಶಾಖವನ್ನು ಬಿಡುತ್ತದೆ. ಕಾಳಿನ ನಡುವಿನ ಹುಳಗಳೂ ಬೂಷ್ಟೂ ಉಸಿರಾಡುತ್ತವೆ. ಮುಚ್ಚಿದ ಹಗೇವಿನ ಆಮ್ಲಜನಕ ಹೀಗೆ ದಿನೇ ದಿನೇ ತೀರುತ್ತ ಬಂದು ಹುಳಗಳು ಸಾಯುತ್ತವೆ. ಕಾಳು ಕೆಡದೆ ಉಳಿಯುವುದರ ಗುಟ್ಟೇ ಇದು. ಹುಳವನ್ನು ಕೊಂದ ಗಾಳಿ ಬಾಯಿ ತೆರೆದ ಮಾತ್ರಕ್ಕೆ ಹೊರಗೆ ಹೋಗುವುದಿಲ್ಲ. ಕಾರ್ಬನ್ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾವಿಯ ನೀರಿನಂತೆ ಅದು ತಳದಲ್ಲಿ ನಿಂತಿರುತ್ತದೆ. ಅದಕ್ಕೆ ಬಣ್ಣವೂ ಇಲ್ಲ.

ಅಜ್ಜನ ತಮ್ಮ ಇಳಿದರು. ವಪೆ ಬಿಗಿಯಿತು, ಎದೆ ಹಿಗ್ಗಿತು, ಗಾಳಿ ಬಂತು. ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ಆದರೆ ಆ ಗಾಳಿ ತೆಳುಗೋಡೆಯನ್ನು ಮುಟ್ಟಿದಾಗ ಲೆಕ್ಕ ತಿರುವುಮುರುವಾಯಿತು. ಶ್ವಾಸಕೋಶಕ್ಕೆ ಮರಳಿ ಬರುವ ರಕ್ತದಲ್ಲಿ ಆಮ್ಲಜನಕ ಪೂರ್ತಿ ಖಾಲಿಯಾಗಿರುವುದಿಲ್ಲ, ವಿಶ್ರಾಂತಿಯಲ್ಲಿರುವಾಗ ಸುಮಾರು ಮುಕ್ಕಾಲು ಪಾಲು ಉಳಿದಿರುತ್ತದೆ. ಗೂಡಿನ ಗಾಳಿಯಲ್ಲಿ ಆಮ್ಲಜನಕ ಅದಕ್ಕಿಂತಲೂ ಕಡಿಮೆಯಾದರೆ, ಹೆಚ್ಚಿನ ಕಡೆಯಿಂದ ಕಡಿಮೆಯ ಕಡೆಗೆ ಎಂಬ ಅದೇ ನಿಯಮ ರಕ್ತದಲ್ಲಿದ್ದ ಆಮ್ಲಜನಕವನ್ನು ಹೊರಗೆ ಸೆಳೆಯುತ್ತದೆ. ಅಲ್ಲಿ ಪ್ರತಿ ಉಸಿರೂ ಪ್ರಾಣವಾಯುವನ್ನು ತರುವ ಬದಲು ಒಯ್ಯುತ್ತದೆ. ಜೊತೆಗೆ ಕಾರ್ಬನ್ ಡೈ ಆಕ್ಸೈಡ್ ಒಳಗೆ ನುಗ್ಗಿ ಮಿದುಳನ್ನು ಮಂಕಾಗಿಸುತ್ತದೆ, ಇನ್ನೂ ಜೋರಾಗಿ ಉಸಿರಾಡಲು ಹಚ್ಚುತ್ತದೆ. ಉಸಿರು ಬಿಗಿಹಿಡಿದವನು ಅಲ್ಲಿ ಅರ್ಧ ನಿಮಿಷವಾದರೂ ಎಚ್ಚರದಿಂದ ಇದ್ದಾನು. ಉಸಿರಾಡಿದವನು ನಾಲ್ಕಾರು ಉಸಿರಿನಲ್ಲಿ ಬೀಳಬಹುದು.

ಅಜ್ಜಾ, ಉಸಿರಾಡಿದವನು ಹೇಗೆ ಸತ್ತ ಎಂದು ಕೇಳಿದಿರಿ. ಉಸಿರಾಡಿದ್ದರಿಂದಲೇ ಸತ್ತ.

ನಮ್ಮ ಹಿರಿಯರಿಗೆ ಈ ಅಪಾಯ ಗೊತ್ತಿತ್ತು. ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಒಳ್ಳೆಯ ವಿಜ್ಞಾನವೇ. ಆಮ್ಲಜನಕ ಶೇ. 16–17ರ ಆಸುಪಾಸಿಗೆ ಇಳಿದಾಗ ಸಾಮಾನ್ಯ ದೀಪ ಆರುತ್ತದೆ, ಮನುಷ್ಯ ಬೀಳುವುದು ಅದಕ್ಕೂ ಕೆಳಗೆ. ಆ ದಿನ ಕಾಯುವಷ್ಟು ತಾಳ್ಮೆ ಮಾತ್ರ ಇರಲಿಲ್ಲ.

ಹಗೇವುಗಳು ಈಗ ಬಹುಮಟ್ಟಿಗೆ ಮುಚ್ಚಿಹೋಗಿವೆ. ಅಪಾಯ ಮುಚ್ಚಿಲ್ಲ. ಶೌಚದ ಗುಂಡಿ, ಒಳಚರಂಡಿಯ ಮ್ಯಾನ್‌ಹೋಲ್, ಗೋಬರ್ ಗ್ಯಾಸಿನ ತೊಟ್ಟಿ, ಬಹುಕಾಲ ಮುಚ್ಚಿದ್ದ ಹಾಳುಬಾವಿ, ಇವೆಲ್ಲ ಇಂದಿನ ಹಗೇವುಗಳು. ಅಲ್ಲಿ ಆಮ್ಲಜನಕದ ಕೊರತೆಯ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಇರಬಹುದು. ಕೊಳೆತ ಮೊಟ್ಟೆಯ ಆ ವಾಸನೆಯನ್ನು ನಂಬುವಂತಿಲ್ಲ. ಅನಿಲ ಹೆಚ್ಚಾದಾಗ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ದೀಪದ ಪರೀಕ್ಷೆಯೂ ಇಲ್ಲಿ ಸಲ್ಲದು. ಮೀಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಿಡಿಯಾಗುತ್ತದೆ. ಸುರಕ್ಷತೆಯ ಸಾಧನವಿಲ್ಲದೆ ಚರಂಡಿ, ಶೌಚಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಆದರೂ ಇಳಿಸುತ್ತಾರೆ, ಇಳಿದವರು ಸಾಯುತ್ತಾರೆ, ಅವರನ್ನು ಎತ್ತಲು ಹೋದವರೂ ಸಾಯುತ್ತಾರೆ. ನಿಮ್ಮ ಓಣಿಯಲ್ಲಿ ಯಾರನ್ನಾದರೂ ಹೀಗೆ ಇಳಿಸುವುದು ಕಂಡರೆ ಸುಮ್ಮನೆ ನೋಡುತ್ತ ನಿಲ್ಲಬೇಡಿ, ತಡೆಯಿರಿ, ಹಿರಿಯರನ್ನು ಕರೆಯಿರಿ. ಯಾರಾದರೂ ಬಿದ್ದಿದ್ದರೆ ಎಷ್ಟೇ ಹತ್ತಿರದವರಾದರೂ ಹಿಂದೆಯೇ ಇಳಿಯಬೇಡಿ. 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಿರಿ. ಹೊರಗಿನ ಗಾಳಿಯನ್ನು ಒಳಗೆ ಊದುವ ಉಪಾಯವಿದ್ದರೆ ಊದಿ. ನಮ್ಮ ಮನೆಯ ಆ ಆಳುಮಗ ಅಂಜುಬುರುಕನಾಗಿರಲಿಲ್ಲ, ದಡ್ಡನೂ ಆಗಿರಲಿಲ್ಲ. ಅವನಿಗೆ ಇದನ್ನು ಹೇಳಿದವರು ಯಾರೂ ಇರಲಿಲ್ಲ.

ನಿಮಗೆ ಹೇಳಿದ್ದೇನೆ. ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಊರಿನಲ್ಲಿ ಹಗೇವು ಎಲ್ಲಿತ್ತು, ಅದರೊಳಗೆ ಇಳಿಯುವ ಮೊದಲು ಏನು ಮಾಡುತ್ತಿದ್ದರು ಎಂದು. ಅವರು ಕಥೆ ಹೇಳಲಿ, ಅದರ ಕಾರಣವನ್ನು ನೀವು ಹೇಳಿ.